ಕಳೆದ ಹಲ್ಲಿನ ಜಾಗಕ್ಕೆ ಟೈಟೇನಿಯಮ್ ಬೇರು

ವಯಸ್ಕರ ಬಾಯಿಯಲ್ಲಿ ಸಾಮಾನ್ಯವಾಗಿ 32 ಹಲ್ಲುಗಳಿರುತ್ತವೆ. ಅವುಗಳಲ್ಲಿ ಹಿಂದಿನ ಒಂದು ದವಡೆ ಹಲ್ಲು ಹುಳುಕಾಗಿ, ಅದನ್ನು ಕೀಳಿಸಬೇಕಾಯಿತೆನ್ನಿ. ನಕ್ಕಾಗ ಆ ಖಾಲಿ ಜಾಗ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಬದಿಯಲ್ಲಿ ಅಗಿದರೆ ಊಟಕ್ಕೂ ಅಂಥ ತೊಂದರೆಯಿಲ್ಲ. 'ಒಂದು ಹಲ್ಲು ತಾನೆ, ಹೋದರೆ ಹೋಗಲಿ' ಎಂದು ಬಹಳ ಮಂದಿ ಸುಮ್ಮನಾಗಿಬಿಡುತ್ತಾರೆ.

ಆದರೆ ಒಸಡಿನ ಕೆಳಗೆ ಒಂದು ಬದಲಾವಣೆ ಆಗಲೇ ಆರಂಭವಾಗಿರುತ್ತದೆ. ಆ ಹಲ್ಲನ್ನು ಹಿಡಿದು ನಿಲ್ಲಿಸಿದ್ದ ದವಡೆಯ ಮೂಳೆ ನಿಧಾನವಾಗಿ ಕರಗತೊಡಗುತ್ತದೆ. ಹಾಗಾಗಿ ನಾವು ಕಳೆದುಕೊಳ್ಳುವುದು ಹಲ್ಲನ್ನು ಮಾತ್ರವಲ್ಲ, ಅದರ ಅಡಿಪಾಯವನ್ನೂ ಸಹ. ಕಳೆದ ಹಲ್ಲಿಗೆ ಬದಲಾಗಿ ಇಂದು ಬಳಸುವ ದಂತ ಇಂಪ್ಲಾಂಟಿನ ಪ್ರಯೋಜನವನ್ನು ಅರಿಯಬೇಕಾದರೆ ಅಂದಚೆಂದದ ಮಾತನ್ನು ಸ್ವಲ್ಪ ಬದಿಗಿಟ್ಟು, ಒಂದು ಸರಳ ಭೌತಶಾಸ್ತ್ರದ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ನಾವು ಕಚ್ಚಿದಾಗ ಹುಟ್ಟುವ ಬಲ ಎಲ್ಲಿಂದ ಹೊರಟು ಎಲ್ಲಿಗೆ ತಲುಪುತ್ತದೆ?

ಹಲ್ಲು ನಿಂತಿರುವ ಬಗೆ

ಅನ್ನ, ಪಲ್ಯಗಳನ್ನು ಅಗಿಯುವಾಗ ದವಡೆ ಹಲ್ಲಿನ ಮೇಲೆ ಬೀಳುವ ಬಲ ಸುಮಾರು 100 ನ್ಯೂಟನ್. ಗಟ್ಟಿ ಚಕ್ಕುಲಿಯನ್ನೋ ಹುರಿಗಾಳನ್ನೋ ಬಲವಾಗಿ ಕಚ್ಚಿದರೆ ಇದು ಹಲವು ಪಟ್ಟು ಹೆಚ್ಚುತ್ತದೆ. ಆರೋಗ್ಯವಂತರು ಪೂರ್ಣ ಶಕ್ತಿಯಿಂದ ಕಚ್ಚಿದರೆ 500 ನ್ಯೂಟನ್‌ಗಳನ್ನೂ ದಾಟಬಹುದು. ಅಂದರೆ 50 ಕಿಲೋಗ್ರಾಮಿನ ಒಂದು ಸಿಮೆಂಟ್ ಚೀಲದ ತೂಕ! ಇಷ್ಟು ಭಾರವನ್ನು ಒಂದು ಹಲ್ಲು ತಾಳಿಕೊಳ್ಳುವುದು ಹೇಗೆ?

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ದಪ್ಪದ ಒಂದು ಪದರವಿದೆ. ಇದರಲ್ಲಿ ಸಾವಿರಾರು ಸೂಕ್ಷ್ಮ ನಾರುಗಳು, ರಕ್ತನಾಳಗಳು ಮತ್ತು ನರತಂತುಗಳಿರುತ್ತವೆ. ಇದನ್ನು ಹಲ್ಲಿನ ಸುತ್ತಲಿನ ಅಸ್ಥಿರಜ್ಜು ಎನ್ನಬಹುದು. ಹಗ್ಗಗಳಿಂದ ತೂಗುಬಿಟ್ಟ ತೊಟ್ಟಿಲಿನಂತೆ ಹಲ್ಲು ಈ ನಾರುಗಳಲ್ಲಿ ತೂಗುತ್ತಿರುತ್ತದೆ. ಹಲ್ಲನ್ನು ಕೆಳಕ್ಕೆ ಒತ್ತಿದಾಗ ನಾರುಗಳು ಬಿಗಿದು, ಸುತ್ತಲಿನ ಮೂಳೆಯನ್ನು ಒಳಮುಖವಾಗಿ ಎಳೆಯುತ್ತವೆ. ಒತ್ತುವ ಬಲ ಹೀಗೆ ಎಳೆಯುವ ಬಲವಾಗಿ ಮಾರ್ಪಡುತ್ತದೆ. ದಿನಕ್ಕೆ ಸಾವಿರಾರು ಬಾರಿ ಈ ಎಳೆತ ಮೂಳೆಗೆ ತಲುಪುತ್ತಿರುತ್ತದೆ.

ಕೆಲಸವಿಲ್ಲದ ಮೂಳೆ

ಮೂಳೆ ಕಲ್ಲಿನಂಥ ಜಡವಸ್ತುವಲ್ಲ. ಅದರಲ್ಲಿ ಹಳೆಯ ಭಾಗವನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ದುಡಿಯುತ್ತಿರುತ್ತವೆ. ಎಲ್ಲಿ ಎಷ್ಟು ಕಟ್ಟಬೇಕು, ಎಷ್ಟು ಕರಗಿಸಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಲ್ಲಿಗೆ ಬೀಳುವ ಬಲ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಈ ಸಂಬಂಧವನ್ನು 1892ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಿರೂಪಿಸಿದ. ಹೊರೆ ಹೊರುವ ಮೂಳೆ ಬಲವಾಗುತ್ತದೆ, ಹೊರೆಯಿಲ್ಲದ ಮೂಳೆ ಕ್ಷೀಣಿಸುತ್ತದೆ. ಭಾರವಿಲ್ಲದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದು ಬರುವ ಗಗನಯಾತ್ರಿಗಳ ಮೂಳೆಗಳು ಸವೆಯುವುದಕ್ಕೂ ಇದೇ ಕಾರಣ.

ಹಲ್ಲು ಹೋದ ಜಾಗದ ಮೂಳೆಯೂ ಇದಕ್ಕೆ ಹೊರತಲ್ಲ. ಎಳೆಯುವ ನಾರುಗಳೇ ಇಲ್ಲವಾದ ಮೇಲೆ ಅಲ್ಲಿನ ಮೂಳೆಗೆ ಕೆಲಸವಿಲ್ಲ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಆ ಭಾಗದ ಮೂಳೆಯ ಅಗಲ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕಡಿಮೆಯಾಗಬಹುದು. ಇದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವೇ ತಿಂಗಳುಗಳಲ್ಲಿ ನಡೆದುಹೋಗುತ್ತದೆ. ಆಮೇಲೆ ಸವಕಳಿ ನಿಧಾನವಾದರೂ ನಿಲ್ಲುವುದಿಲ್ಲ. ಇದರ ಜೊತೆಗೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗದತ್ತ ವಾಲುತ್ತವೆ. ಎದುರಿನ ಹಲ್ಲು ತಡೆಯಿಲ್ಲದೆ ಆ ಕಡೆಗೆ ಇಳಿಯುತ್ತದೆ ಅಥವಾ ಏಳುತ್ತದೆ. ಎಲ್ಲ ಹಲ್ಲುಗಳನ್ನೂ ಕಳೆದುಕೊಂಡ ವೃದ್ಧರ ಮುಖದ ಕೆಳಭಾಗ ಕುಗ್ಗಿ, ಗಲ್ಲ ಮೂಗಿನ ಹತ್ತಿರಕ್ಕೆ ಬಂದಂತೆ ತೋರುವುದನ್ನು ನೀವು ನೋಡಿರಬಹುದು. ಅದಕ್ಕೆ ಕಾರಣ ಹಲ್ಲಿಲ್ಲದಿರುವುದಷ್ಟೇ ಅಲ್ಲ, ದವಡೆಯ ಮೂಳೆಯೇ ಕುಗ್ಗಿರುವುದು.

ಹಳೆಯ ಎರಡು ಪರಿಹಾರಗಳು

ಇಂಪ್ಲಾಂಟ್ ಬರುವ ಮುಂಚಿನಿಂದಲೂ ಎರಡು ಪರಿಹಾರಗಳು ಬಳಕೆಯಲ್ಲಿವೆ. ಅವುಗಳಲ್ಲಿ ಬಲದ ದಾರಿ ಹೇಗಿದೆ ನೋಡೋಣ.

ಮೊದಲನೆಯದು ತೆಗೆದು ಹಾಕುವ ಹಲ್ಲಿನ ಸೆಟ್ಟು. ಇದು ಒಸಡಿನ ಮೇಲೆ ಕೂರುತ್ತದೆ. ಕಚ್ಚಿದ ಬಲ ಮೃದುವಾದ ಒಸಡಿನ ಮೂಲಕ ಮೂಳೆಯ ಮೇಲ್ಮೈಯನ್ನು ಅದುಮುತ್ತದೆ. ಎಳೆತಕ್ಕೆ ಹೊಂದಿಕೊಂಡಿದ್ದ ಮೂಳೆಗೆ ಈ ಅದುಮುವಿಕೆ ಹಿತವಲ್ಲ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಪೂರ್ಣ ಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳ ಅವಧಿಯವರೆಗೆ ಗಮನಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂಳೆಯ ಸವಕಳಿ ವರ್ಷಗಟ್ಟಲೆ ಮುಂದುವರಿಯುತ್ತಲೇ ಇತ್ತು. ಮುಂಭಾಗದಲ್ಲಿ ಕೆಳದವಡೆಯ ಸವಕಳಿ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಕೆಳಗಿನ ಸೆಟ್ಟು ಕಾಲಕ್ರಮೇಣ ಸಡಿಲವಾಗಿ ಅಲ್ಲಾಡುವುದು ಇದರಿಂದಲೇ. ಪೂರ್ಣ ಸೆಟ್ಟು ಹಾಕಿಕೊಂಡವರ ಕಚ್ಚುವ ಬಲ ಸಹಜ ಹಲ್ಲಿನವರ ಬಲದ ಕಾಲು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ.

ಎರಡನೆಯದು ಬ್ರಿಜ್. ಹೆಸರೇ ಹೇಳುವಂತೆ ಇದೊಂದು ಸೇತುವೆ. ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ಕಂಬಗಳಾಗಿ ಮಾಡಿಕೊಂಡು ನಡುವೆ ಕೃತಕ ಹಲ್ಲನ್ನು ಕಟ್ಟುತ್ತಾರೆ. ಇದಕ್ಕಾಗಿ ಆ ಎರಡು ಹಲ್ಲುಗಳನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರಿನಷ್ಟು ಉಜ್ಜಿ ತೆಗೆಯಬೇಕು. ಅವು ಪೂರ್ಣ ಆರೋಗ್ಯವಾಗಿದ್ದರೂ ಇದು ತಪ್ಪದು. ಹಲ್ಲಿನ ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಮೂರು ಹಲ್ಲುಗಳ ಹೊರೆಯನ್ನು ಎರಡು ಹೊರಬೇಕು. ನಡುವಿನ ಮೂಳೆಗಂತೂ ಯಾವ ಬಲವೂ ತಲುಪುವುದಿಲ್ಲ.

ಮೊಲದ ಮೂಳೆ ಕಲಿಸಿದ ಪಾಠ

ಮೂರನೆಯ ಪರಿಹಾರದ ಬೀಜ ಸಿಕ್ಕಿದ್ದು ಹಲ್ಲಿಗೆ ಸಂಬಂಧವೇ ಇಲ್ಲದ ಒಂದು ಪ್ರಯೋಗದಲ್ಲಿ. 1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ವೈದ್ಯ ಮೂಳೆಯೊಳಗಿನ ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಮ್ ಲೋಹದ ಪುಟ್ಟ ಕೋಷ್ಠವೊಂದನ್ನು ಕೂರಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಲ್ಲಿ ಜೀವಂತ ಅಂಗಾಂಶವನ್ನು ನೋಡುವುದು ಅವರ ವಿಧಾನ. ಕೆಲಸ ಮುಗಿದ ಮೇಲೆ ಕೋಷ್ಠವನ್ನು ಹೊರತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಲೋಹಕ್ಕೆ ಒತ್ತಾಗಿ ಬೆಳೆದು ಅದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಬ್ರೋನೆಮಾರ್ಕ್ ಇದನ್ನು ಬರೀ ತೊಡಕೆಂದು ಬಗೆದು ಬಿಟ್ಟುಬಿಡಲಿಲ್ಲ. ಮುಂದೆ ಗೋಥೆನ್‌ಬರ್ಗ್‌ನಲ್ಲಿ ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ, 1965ರಲ್ಲಿ ಮೊದಲ ಬಾರಿಗೆ ಒಬ್ಬ ವ್ಯಕ್ತಿಯ ಕೆಳದವಡೆಯಲ್ಲಿ ಟೈಟೇನಿಯಮ್ ಇಂಪ್ಲಾಂಟ್‌ಗಳನ್ನು ಕೂರಿಸಿದರು. ಆತನ ಹೆಸರು ಯೋಸ್ಟಾ ಲಾರ್ಸನ್. ಹುಟ್ಟಿನಿಂದಲೇ ದವಡೆಯ ನ್ಯೂನತೆಯಿದ್ದ ಲಾರ್ಸನ್ ಅವರಿಗೆ ಅಗಿಯುವುದು, ಮಾತನಾಡುವುದು ಎರಡೂ ಕಷ್ಟವಾಗಿತ್ತು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ, ಎಂದರೆ 40 ವರ್ಷಗಳಿಗೂ ಮಿಕ್ಕಿ, ಆ ಇಂಪ್ಲಾಂಟ್‌ಗಳು ಕೆಲಸ ಮಾಡಿದವು.

ಮೂಳೆ ಮತ್ತು ಲೋಹಗಳ ನಡುವೆ ಮೃದು ಅಂಗಾಂಶದ ಪದರವಿಲ್ಲದೆ ಏರ್ಪಡುವ ಈ ನೇರ ಬೆಸುಗೆಗೆ ಬ್ರೋನೆಮಾರ್ಕ್ ಆಸಿಯೋಇಂಟೆಗ್ರೇಷನ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅಸ್ಥಿಬೆಸುಗೆ ಎನ್ನೋಣ. ಜೀವಂತ ಮೂಳೆ ಲೋಹವನ್ನು ಒಪ್ಪಿಕೊಳ್ಳುತ್ತದೆಂಬ ಮಾತನ್ನು ದಂತವೈದ್ಯರಲ್ಲಿ ಹಲವರು ಬಹುಕಾಲ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ದೀರ್ಘಕಾಲದ ಫಲಿತಾಂಶಗಳು ಮಂಡನೆಯಾದ ನಂತರವೇ ಇದು ವ್ಯಾಪಕವಾಗಿ ಬಳಕೆಗೆ ಬಂದಿತು.

ಟೈಟೇನಿಯಮ್ಮೇ ಏಕೆ?

ಬಾಯಿಯ ಜೊಲ್ಲು ಮತ್ತು ದೇಹದ್ರವಗಳು ಲವಣಗಳಿಂದ ಕೂಡಿದ ವಿದ್ಯುದ್ವಿಭಾಜ್ಯಗಳು. ಅವುಗಳಲ್ಲಿ ಮುಳುಗಿದ ಹೆಚ್ಚಿನ ಲೋಹಗಳು ನಿಧಾನವಾಗಿ ಅಯಾನುಗಳನ್ನು ಬಿಟ್ಟುಕೊಡುತ್ತವೆ. ಟೈಟೇನಿಯಮ್ ಮಾತ್ರ ಗಾಳಿಗೋ ನೀರಿಗೋ ತೆರೆದುಕೊಂಡ ಕ್ಷಣದಲ್ಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯನ್ನು ಹೊದೆಯುತ್ತದೆ. ಗೀರಿದರೆ ಪೊರೆ ಮತ್ತೆ ತಾನಾಗಿ ಕೂಡಿಕೊಳ್ಳುತ್ತದೆ. ಹೀಗಾಗಿ ಮೂಳೆಯ ಕೋಶಗಳಿಗೆ ಎದುರಾಗುವುದು ಲೋಹವಲ್ಲ, ರಾಸಾಯನಿಕವಾಗಿ ಸ್ತಬ್ಧವಾದ ಟೈಟೇನಿಯಮ್ ಡೈಆಕ್ಸೈಡ್.

ಎರಡನೆಯ ಕಾರಣ ಸ್ಥಿತಿಸ್ಥಾಪಕತೆ. ಯಂಗ್ ಗುಣಾಂಕವನ್ನು ಹೋಲಿಸಿ ನೋಡಿ. ದವಡೆಯ ಗಟ್ಟಿ ಮೂಳೆಗೆ ಇದು ಸುಮಾರು 15 ಗಿಗಾಪಾಸ್ಕಲ್, ಟೈಟೇನಿಯಮ್ಮಿಗೆ ಸುಮಾರು 105, ಸ್ಟೇನ್‌ಲೆಸ್ ಉಕ್ಕಿಗೆ ಸುಮಾರು 200. ಬಾಗದ ಲೋಹವೂ ಬಾಗುವ ಮೂಳೆಯೂ ಒಟ್ಟಿಗೆ ಹೊರೆ ಹೊತ್ತರೆ ಹೆಚ್ಚಿನ ಪಾಲು ಲೋಹಕ್ಕೇ ಹೋಗುತ್ತದೆ, ಮೂಳೆ ಮತ್ತೆ ನಿರುದ್ಯೋಗಿಯಾಗುತ್ತದೆ. ಟೈಟೇನಿಯಮ್ ಮೂಳೆಗಿಂತ ಬಿಗಿಯೇ ಆದರೂ ಉಕ್ಕಿನ ಅರ್ಧದಷ್ಟು ಮಾತ್ರ. ಬಲವನ್ನು ಮೂಳೆಗೆ ಹಂಚುವುದರಲ್ಲಿ ಅದು ವಾಸಿ.

ಮೂರನೆಯದಾಗಿ, ಇದು ಬಲು ದುರ್ಬಲವಾದ ಅನುಕಾಂತೀಯ ಲೋಹ. ಆದ್ದರಿಂದ ಎಂ.ಆರ್.ಐ. ಯಂತ್ರದ ಪ್ರಬಲ ಕಾಂತಕ್ಷೇತ್ರ ಇಂಪ್ಲಾಂಟನ್ನು ಸೆಳೆದು ಕೀಳುವ ಭಯವಿಲ್ಲ. ಆ ಭಾಗದ ಚಿತ್ರ ಸ್ವಲ್ಪ ಮಸುಕಾಗಬಹುದು, ಅಷ್ಟೆ. ಆದರೂ ಸ್ಕ್ಯಾನಿಗೆ ಮುಂಚೆ ಇಂಪ್ಲಾಂಟ್ ಇರುವುದನ್ನು ತಿಳಿಸಬೇಕು.

ಕೂರಿಸುವಾಗಿನ ಎಚ್ಚರಗಳು

ಇಂಪ್ಲಾಂಟ್ ಎಂದರೆ ಸಾಮಾನ್ಯವಾಗಿ 3.5ರಿಂದ 5 ಮಿಲಿಮೀಟರ್ ವ್ಯಾಸದ, 8ರಿಂದ 13 ಮಿಲಿಮೀಟರ್ ಉದ್ದದ ಒಂದು ತಿರುಪು. ಇದು ಬೇರಿನ ಸ್ಥಾನದಲ್ಲಿ ಮೂಳೆಯೊಳಗಿರುತ್ತದೆ. ಅದರ ಮೇಲೊಂದು ಜೋಡಣೆಯ ಭಾಗ, ಅದರ ಮೇಲೆ ಪಿಂಗಾಣಿ ಮುಂತಾದುವುಗಳಿಂದ ಮಾಡಿದ ಹಲ್ಲಿನ ಕ್ಯಾಪ್.

4 ಮಿಲಿಮೀಟರ್ ವ್ಯಾಸ, 10 ಮಿಲಿಮೀಟರ್ ಉದ್ದದ ನಯವಾದ ಸಿಲಿಂಡರಿನ ಪಾರ್ಶ್ವದ ವಿಸ್ತೀರ್ಣ ಲೆಕ್ಕ ಹಾಕಿ: 3.14 × 4 × 10, ಅಂದರೆ ಸುಮಾರು 126 ಚದರ ಮಿಲಿಮೀಟರ್. ಸಹಜವಾದ ಮೊದಲ ದವಡೆ ಹಲ್ಲಿನ ಬೇರುಗಳ ವಿಸ್ತೀರ್ಣ ಸುಮಾರು 400 ಚದರ ಮಿಲಿಮೀಟರ್. ಅದೇ ಬಲ ಕಡಿಮೆ ವಿಸ್ತೀರ್ಣದ ಮೇಲೆ ಬಿದ್ದರೆ ಒತ್ತಡ ಹೆಚ್ಚುತ್ತದೆ. ಈ ಕೊರತೆಯನ್ನು ತುಂಬಲೆಂದೇ ಇಂಪ್ಲಾಂಟಿಗೆ ತಿರುಪಿನ ಸುರುಳಿಗಳನ್ನು ಕೊರೆಯುತ್ತಾರೆ. ಮೇಲ್ಮೈಯನ್ನು ಮರಳು ಸಿಡಿಸಿ, ಆಮ್ಲದಲ್ಲಿ ತೊಳೆದು ಒರಟು ಮಾಡುತ್ತಾರೆ. ಒರಟು ಮೇಲ್ಮೈಗೆ ಮೂಳೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ಕೊರೆಯುವಾಗ ಹುಟ್ಟುವ ಶಾಖ ದೊಡ್ಡ ಶತ್ರು. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದಂತೆ, 47 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಒಂದು ನಿಮಿಷವಿದ್ದರೂ ಮೂಳೆಯ ಬೆಳವಣಿಗೆಗೆ ಧಕ್ಕೆಯಾಗುತ್ತದೆ. ದೇಹದ ಉಷ್ಣತೆಗಿಂತ ಇದು ಹತ್ತು ಡಿಗ್ರಿಯಷ್ಟೇ ಹೆಚ್ಚು! ಹುಳುಕು ತೆಗೆಯುವ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗಿದರೆ, ಇಲ್ಲಿ ಸುಮಾರು ಒಂದು ಸಾವಿರ ಸುತ್ತಿನ ವೇಗ, ಜೊತೆಗೆ ತಂಪಾದ ಲವಣದ್ರಾವಣದ ಧಾರೆ.

ಇನ್ನೊಂದು ಶತ್ರು ಅಲುಗಾಟ. ಬೆಸುಗೆ ಕೂಡುವ ಮೊದಲೇ ಇಂಪ್ಲಾಂಟ್ ಸುಮಾರು 150 ಮೈಕ್ರೋಮೀಟರಿಗಿಂತ ಹೆಚ್ಚು ಅಲುಗಿದರೆ ಮೂಳೆಯ ಬದಲು ಮೃದುವಾದ ನಾರಿನ ಅಂಗಾಂಶ ಬೆಳೆಯುತ್ತದೆ. ಆಗ ಇಂಪ್ಲಾಂಟ್ ವಿಫಲವಾದಂತೆಯೇ. ಆದ್ದರಿಂದಲೇ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು ಆಮೇಲೆ ಕ್ಯಾಪ್ ಹಾಕುವ ಪದ್ಧತಿ ಬಂತು. ಮೂಳೆ ಗಟ್ಟಿಯಾಗಿದ್ದು ಇಂಪ್ಲಾಂಟ್ ಮೊದಲ ದಿನವೇ ಬಿಗಿಯಾಗಿ ಕುಳಿತರೆ ಇಂದು ಈ ಅವಧಿಯನ್ನು ಕಡಿಮೆ ಮಾಡುವುದೂ ಉಂಟು.

ಬಿಗಿಯನ್ನು ಅಳೆಯುವುದು ಹೇಗೆ? ಇಲ್ಲಿ ಅನುರಣನೆ ನೆರವಿಗೆ ಬರುತ್ತದೆ. ಇಂಪ್ಲಾಂಟಿನ ಮೇಲೆ ತಾತ್ಕಾಲಿಕವಾಗಿ ಒಂದು ಪುಟ್ಟ ಕಡ್ಡಿಯನ್ನು ತಿರುಗಿಸಿ ಕೂರಿಸಿ, ಕಾಂತೀಯ ಸ್ಪಂದಗಳಿಂದ ಅದನ್ನು ಕಂಪಿಸುತ್ತಾರೆ. ಬುಡ ಬಿಗಿಯಾಗಿದ್ದಷ್ಟೂ ಅನುರಣನೆಯ ಆವೃತ್ತಿ ಹೆಚ್ಚು. ಮೇಜಿನ ಅಂಚಿಗೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು ಮೀಟಿ ನೋಡಿ. ಹಿಡಿತ ಸಡಿಲವಾದರೆ ಸ್ವರ ತಗ್ಗುತ್ತದೆ. ತತ್ತ್ವ ಇದೇ. ಫಲಿತಾಂಶವನ್ನು 1ರಿಂದ 100ರವರೆಗಿನ ಮಾನದಲ್ಲಿ ಓದುತ್ತಾರೆ.

ಪ್ರಯೋಜನಗಳು

ಈಗ ಬಲದ ದಾರಿಗೆ ಮರಳೋಣ. ಕ್ಯಾಪಿನ ಮೇಲೆ ಬಿದ್ದ ಬಲ ತಿರುಪಿನ ಮೂಲಕ ನೇರವಾಗಿ ಮೂಳೆಯ ಒಳಕ್ಕೆ ಇಳಿಯುತ್ತದೆ. ಮೂಳೆಗೆ ಮತ್ತೆ ಕೆಲಸ ಸಿಗುತ್ತದೆ. ಹಲ್ಲು ಕಿತ್ತ ಕೂಡಲೇ ಆಗುವ ಮೊದಲ ಸವಕಳಿಯನ್ನು ಇಂಪ್ಲಾಂಟ್ ಪೂರ್ತಿ ತಡೆಯಲಾರದು. ಆದರೆ ಮುಂದಿನ ದೀರ್ಘಕಾಲದ ಸವಕಳಿಯನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ. ಮೊದಲ ವರ್ಷದ ನಂತರ ಮೂಳೆಯ ಇಳಿಕೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆಯಿರಬೇಕೆಂಬುದು 1986ರಿಂದ ಪ್ರಚಲಿತವಿರುವ ಯಶಸ್ಸಿನ ಅಳತೆಗೋಲು.

ಎರಡನೆಯ ಲಾಭ, ಪಕ್ಕದ ಆರೋಗ್ಯವಂತ ಹಲ್ಲುಗಳನ್ನು ಉಜ್ಜಬೇಕಿಲ್ಲ. ಮೂರನೆಯದು, ಹಲ್ಲು ಜಾರುವುದಿಲ್ಲ, ರಾತ್ರಿ ತೆಗೆದಿಡಬೇಕಿಲ್ಲ, ಉಚ್ಚಾರಣೆ ಸ್ಪಷ್ಟವಾಗಿರುತ್ತದೆ. ನಾಲ್ಕನೆಯದು ಬಾಳಿಕೆ. ಸರಿಯಾಗಿ ಆಯ್ದು ಕೂರಿಸಿದ ಇಂಪ್ಲಾಂಟ್‌ಗಳಲ್ಲಿ ಸುಮಾರು ಶೇಕಡ 95ರಷ್ಟು ಹತ್ತು ವರ್ಷಗಳ ನಂತರವೂ ಬಾಯಲ್ಲಿ ಉಳಿದಿರುತ್ತವೆ.

ಎಲ್ಲ ಹಲ್ಲುಗಳನ್ನೂ ಕಳೆದುಕೊಂಡವರಿಗೆ ಪ್ರತಿ ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡನ್ನು ಕೂರಿಸಿ, ಅಂಗಿಯ ಒತ್ತುಗುಂಡಿಯಂಥ ಜೋಡಣೆಯಿಂದ ಸೆಟ್ಟನ್ನು ಅವುಗಳಿಗೆ ಸಿಕ್ಕಿಸಬಹುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ಅಭಿಪ್ರಾಯಪಟ್ಟರು. ಸಡಿಲ ಸೆಟ್ಟಿನಿಂದಾಗಿ ಮೆತ್ತನೆಯ ಆಹಾರಕ್ಕೆ ಒಗ್ಗಿಕೊಂಡ ಹಿರಿಯರಿಗೆ ತರಕಾರಿ, ಕಾಳು, ಹಣ್ಣುಗಳನ್ನು ಮತ್ತೆ ಅಗಿದು ತಿನ್ನಲು ಇದರಿಂದ ಸಾಧ್ಯವಾಗುತ್ತದೆ.

ಆದರೂ ಇದು ಸಹಜ ಹಲ್ಲಲ್ಲ

ಇಂಪ್ಲಾಂಟಿನ ಸುತ್ತ ಆ ಕಾಲು ಮಿಲಿಮೀಟರಿನ ನಾರಿನ ಪದರವಿಲ್ಲ. ಒಂದೇ ಬಲಕ್ಕೆ ಸಹಜ ಹಲ್ಲು ಸುಮಾರು 50 ಮೈಕ್ರೋಮೀಟರ್ ಸರಿದರೆ ಇಂಪ್ಲಾಂಟ್ ಸುಮಾರು 5 ಮೈಕ್ರೋಮೀಟರ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಇಂಪ್ಲಾಂಟಿನ ಸ್ಪ್ರಿಂಗ್ ಸ್ಥಿರಾಂಕ ಹತ್ತು ಪಟ್ಟು ಹೆಚ್ಚು. ಇವೆರಡನ್ನೂ ಒಂದೇ ಬಿಗಿಯಾದ ಬ್ರಿಜ್‌ನಿಂದ ಜೋಡಿಸಿದರೆ, ಅವು ಸಮಾಂತರವಾಗಿ ಜೋಡಿಸಿದ ಎರಡು ಸ್ಪ್ರಿಂಗುಗಳಂತೆ ಸಮನಾಗಿ ಸರಿಯಬೇಕಾಗುತ್ತದೆ. 110 ನ್ಯೂಟನ್ ಬಲದಲ್ಲಿ 100 ಇಂಪ್ಲಾಂಟಿಗೆ, 10 ಮಾತ್ರ ಹಲ್ಲಿಗೆ! ಇದು ಸರಳೀಕರಿಸಿದ ಲೆಕ್ಕವಾದರೂ, ಸಹಜ ಹಲ್ಲನ್ನೂ ಇಂಪ್ಲಾಂಟನ್ನೂ ಒಟ್ಟಿಗೆ ಕಟ್ಟಲು ದಂತವೈದ್ಯರು ಏಕೆ ಹಿಂಜರಿಯುತ್ತಾರೆಂಬುದನ್ನು ತಿಳಿಸುತ್ತದೆ.

ಆ ಪದರದಲ್ಲಿದ್ದ ನರಗಳೂ ಇಲ್ಲಿಲ್ಲ. ಅನ್ನದಲ್ಲಿ ಸಿಕ್ಕಿದ ಸಣ್ಣ ಕಲ್ಲನ್ನು ಸಹಜ ಹಲ್ಲು ತಟ್ಟನೆ ಗುರುತಿಸಿ ಕಚ್ಚುವುದನ್ನು ನಿಲ್ಲಿಸುತ್ತದೆ. ಇಂಪ್ಲಾಂಟಿಗೆ ಅಷ್ಟು ಸೂಕ್ಷ್ಮತೆಯಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದರಿಂದ ಅಪಾಯ ಹೆಚ್ಚು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ಒಸಡು ಮತ್ತು ಮೂಳೆಗೆ ಸೋಂಕು ತಗುಲಬಹುದು. ದಿನವೂ ಶುಚಿ ಮಾಡುವುದೂ ಕಾಲಕಾಲಕ್ಕೆ ತಪಾಸಣೆಯೂ ತಪ್ಪುವುದಿಲ್ಲ. ಧೂಮಪಾನಿಗಳಲ್ಲಿ ಮತ್ತು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರಲ್ಲಿ ವಿಫಲತೆ ಹೆಚ್ಚು. ದವಡೆ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಸುತ್ತಲಿನ ಹಲ್ಲುಗಳು ಬೆಳವಣಿಗೆಯೊಂದಿಗೆ ಮೇಲೇರಿದರೂ ಬೆಸೆದುಕೊಂಡ ಇಂಪ್ಲಾಂಟ್ ಇದ್ದಲ್ಲೇ ಉಳಿಯುತ್ತದೆ. ಖರ್ಚೂ ಇತರ ವಿಧಾನಗಳಿಗಿಂತ ಹೆಚ್ಚು. ಎಲ್ಲರಿಗೂ ಬ್ರಿಜ್ ಅಥವಾ ಸೆಟ್ಟು ಕೆಟ್ಟದ್ದೆಂದೂ ಅರ್ಥವಲ್ಲ. ಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಜ್ ಸಮಂಜಸವಾದ ಆಯ್ಕೆಯೇ.

ತಡಮಾಡಿದರೆ ಏನು?

ಕೊನೆಯದಾಗಿ ಒಂದು ಸನ್ನೆಯ ಲೆಕ್ಕ. ಮೂಳೆ ಎತ್ತರವಾಗಿದ್ದಾಗ 12 ಮಿಲಿಮೀಟರ್ ಉದ್ದದ ಇಂಪ್ಲಾಂಟ್, ಅದರ ಮೇಲೆ 8 ಮಿಲಿಮೀಟರ್ ಎತ್ತರದ ಕ್ಯಾಪ್ ಹಾಕಬಹುದೆನ್ನಿ. ಅಗಿಯುವಾಗ ಪಕ್ಕಕ್ಕೆ 50 ನ್ಯೂಟನ್ ಬಲ ಕ್ಯಾಪಿನ ತುದಿಯಲ್ಲಿ ಬಿದ್ದರೆ, ಮೂಳೆಯ ಅಂಚಿನಲ್ಲಿ ತಿರುಗಿಸುವ ಪರಿಣಾಮ 50 × 8, ಅಂದರೆ 400 ನ್ಯೂಟನ್-ಮಿಲಿಮೀಟರ್. ವರ್ಷಗಟ್ಟಲೆ ಸುಮ್ಮನಿದ್ದು ಮೂಳೆ 4 ಮಿಲಿಮೀಟರ್ ತಗ್ಗಿತೆನ್ನಿ. ಈಗ 8 ಮಿಲಿಮೀಟರ್ ಇಂಪ್ಲಾಂಟಿಗಷ್ಟೇ ಜಾಗ, ಕ್ಯಾಪ್ 12 ಮಿಲಿಮೀಟರ್ ಎತ್ತರವಾಗಬೇಕು. ತಿರುಗಿಸುವ ಪರಿಣಾಮ 600ಕ್ಕೆ ಏರಿತು, ತಡೆಯುವ ಬೇರು ಚಿಕ್ಕದಾಯಿತು. ಕೆಳದವಡೆಯಲ್ಲಾದರೆ ಒಳಗೆ ಹಾಯುವ ನರಕ್ಕೂ ಇಂಪ್ಲಾಂಟಿನ ತುದಿಗೂ ನಡುವೆ ಅಂತರ ಬಿಡಬೇಕು. ಆಗ ಬೇರೆಡೆಯಿಂದ ಮೂಳೆ ತಂದು ತುಂಬುವ ಹೆಚ್ಚಿನ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಒಂದು ವರ್ಷದಲ್ಲಿ ಸರಳವಾಗಿದ್ದ ಕೆಲಸ ಹತ್ತು ವರ್ಷದ ನಂತರ ಕಠಿಣವೂ ದುಬಾರಿಯೂ ಆಗುವುದು ಹೀಗೆ.

ಆದ್ದರಿಂದ ಹಲ್ಲು ಕೀಳಿಸುವ ದಿನವೇ ದಂತವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಈ ಹಲ್ಲನ್ನು ಬೇರುನಾಳ ಚಿಕಿತ್ಸೆಯಿಂದ ಉಳಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಆ ಜಾಗಕ್ಕೆ ಏನು ಹಾಕಬಹುದು? ಅದನ್ನು ಎಷ್ಟು ತಿಂಗಳೊಳಗೆ ಮಾಡುವುದು ಒಳ್ಳೆಯದು? ಮೊದಲ ಪ್ರಶ್ನೆಗೆ 'ಹೌದು' ಎಂಬ ಉತ್ತರ ಬಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರಿಲ್ಲ. ಆ ನಾರಿನ ಪದರವನ್ನು ಮೊದಲಿನಂತೆ ಮತ್ತೆ ಕಟ್ಟಿಕೊಡುವ ಚಿಕಿತ್ಸೆ ಇನ್ನೂ ಬಳಕೆಗೆ ಬಂದಿಲ್ಲ.